ಹುಂಡಿ, ಕಿರ್ದಿ, ವಕಾಲತ್ತು

ವಕೀಲನೆಂದೊಡನೆ ನಮ್ಮ ಜನರ ಮನಸ್ಸಿನಲ್ಲಿ ಮೂಡುವ ಚಿತ್ರಗಳು ಸಾಮಾನ್ಯವಾಗಿ ಎರಡು: ಕೊಲೆಯ ಮೊಕದ್ದಮೆಯಲ್ಲಿ ಎದುರು ಸಾಕ್ಷಿಯನ್ನು ಪಾಟೀಸವಾಲಿನಿಂದ ತಬ್ಬಿಬ್ಬುಗೊಳಿಸುವ ವಾಗ್ಮಿ ಒಬ್ಬ, ದಾಯಾದಿಗಳ ಪಾಲುಪಟ್ಟಿಯನ್ನೂ ಹೊಲದ ಬದುವಿನ ತಕರಾರನ್ನೂ ತಲೆಮಾರುಗಟ್ಟಲೆ ನಡೆಯಿಸಿಕೊಂಡು ಬರುವ ಊರಿನ ಹಿರಿಯ ಇನ್ನೊಬ್ಬ. ಕಥೆ, ಕಾದಂಬರಿ, ನಾಟಕಗಳು ಇವರಿಬ್ಬರನ್ನು ಬಗೆಬಗೆಯಾಗಿ ಚಿತ್ರಿಸಿವೆ. ಅದೇ ಕರಿಯ ಕೋಟನ್ನು ತೊಟ್ಟು, ಅದೇ ನ್ಯಾಯಸ್ಥಾನದ ಮೆಟ್ಟಿಲನ್ನು ಹತ್ತಿ, ವರ್ತಕರ ಸಾಲ, ಪಾಲುದಾರಿಕೆ, ಹುಂಡಿ, ಸರಕು, ಬಾಕಿಗಳ ವ್ಯಾಜ್ಯಗಳಲ್ಲಿಯೇ ತನ್ನ ಆಯುಷ್ಯವನ್ನು ಸವೆಸಿದ ಮೂರನೆಯವನ ಚರಿತ್ರೆಯನ್ನು ಬರೆದವರು ವಿರಳ. ಆತನ ಕಸುಬಿನಲ್ಲಿ ರೋಮಾಂಚಕ್ಕೆ ಎಡೆ ಕಡಮೆ, ಅಂಕಿಗೆ ಎಡೆ ಹೆಚ್ಚು. ಆದರೂ ನಮ್ಮ ನಾಡಿನ ವಾಣಿಜ್ಯವು ಬಾಯಿಮಾತಿನ ನಂಬಿಕೆಯಿಂದ ಬರಹದ ಪುರಾವೆಯ ಕಡೆಗೆ ನಡೆದುಬಂದ ದಾರಿಯನ್ನು ಕಾಣಬೇಕಾದರೆ ಈತನ ಬೆನ್ನು ಹಿಡಿದೇ ಹೋಗಬೇಕು. ಈತನಿಗೆ ವಿದ್ಯೆಯನ್ನು ಕಲಿಸಿದುದು ಕಾನೂನಿನ ಗ್ರಂಥಗಳಿಗಿಂತ ಹೆಚ್ಚಾಗಿ ವರ್ತಕನ ಲೆಕ್ಕದ ಪುಸ್ತಕ ಎಂಬುದು ನನ್ನ ದೃಢವಾದ ನಂಬಿಕೆ.

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ಎಂದರೆ 1076ರಿಂದ 1126ರವರೆಗಿನ ಅರ್ಧ ಶತಮಾನದ ಅವಧಿಯಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ರಚಿಸಿದ ಮಿತಾಕ್ಷರಾ ವ್ಯಾಖ್ಯಾನವು ಅವಿಭಕ್ತ ಕುಟುಂಬದ ಆಸ್ತಿಯ ಹಕ್ಕನ್ನು ನಿರ್ಣಯಿಸುವ ಗ್ರಂಥವೆಂದು ಲೋಕಪ್ರಸಿದ್ಧವಾಗಿದೆಯಷ್ಟೆ. ಆದರೆ ಅದರ ವ್ಯವಹಾರಾಧ್ಯಾಯವನ್ನು ಬಿಚ್ಚಿ ನೋಡಿದವರಿಗೆ, ವಿವಾದದ ವಿಷಯಗಳಲ್ಲಿ ಮೊದಲ ಸ್ಥಾನವು ಋಣಾದಾನಕ್ಕೆ, ಕೊಟ್ಟ ಸಾಲವನ್ನು ಹಿಂದಕ್ಕೆ ಪಡೆಯುವ ಕ್ರಮಕ್ಕೆ, ಸಂದಿರುವುದು ಕಾಣುತ್ತದೆ. ಲಿಖಿತ, ಭುಕ್ತಿ, ಸಾಕ್ಷಿ ಎಂಬ ಮೂರು ಮಾನುಷ ಪ್ರಮಾಣಗಳನ್ನು ಮೊದಲು ಹೇಳಿ, ಇವು ದೊರೆಯದಲ್ಲಿ ಮಾತ್ರ ದಿವ್ಯಕ್ಕೆ ಹೋಗಬೇಕೆಂದು ವಿಧಿಸಿದ ಆ ಶಾಸ್ತ್ರವು, ಸಾಲಗಾರನು ಹಣವನ್ನು ಕಂತುಕಂತಾಗಿ ತೀರಿಸುವಾಗ ಒಂದೊಂದು ಕಂತನ್ನೂ ಪತ್ರದ ಬೆನ್ನಿನ ಮೇಲೆ ಬರೆಯಬೇಕೆಂದೂ ಪೂರ್ತಿ ಸಂದಾಯವಾದ ಮೇಲೆ ಪತ್ರವನ್ನು ಹರಿಯಬೇಕೆಂದೂ ಹೇಳುತ್ತದೆ. ಪ್ರಾಂಸರಿ ನೋಟಿನ ಹಿಂಬದಿಯಲ್ಲಿ ಸಂದಾಯದ ಷರಾ ಬರೆಯಿಸುವ ರೂಢಿಯನ್ನು ನಾವು ಆಂಗ್ಲರ ಕೊಡುಗೆಯೆಂದು ಭಾವಿಸಿದ್ದರೆ ಆ ಭಾವನೆಯನ್ನು ತಿದ್ದಿಕೊಳ್ಳಬೇಕು. ಬಡ್ಡಿಗೂ ಅಲ್ಲಿ ಮೇರೆಯುಂಟು: ಹಿರಣ್ಯಕ್ಕೆ ಇಮ್ಮಡಿ, ಧಾನ್ಯಕ್ಕೆ ಮೂರ್ಮಡಿ, ವಸ್ತ್ರಕ್ಕೆ ನಾಲ್ಮಡಿ. ಹಣದ ಸಾಲದಲ್ಲಿ ಬಡ್ಡಿಯ ಬಾಕಿಯು ಅಸಲನ್ನು ಮೀರಕೂಡದೆಂಬ ಈ ನಿಯಮವೇ ದಾಮದುಪ್ಪಟ್ಟು ಎಂಬ ಹೆಸರಿನಿಂದ ಉಳಿದು, ಆಂಗ್ಲರ ಕಾಲದ ಮುಂಬಯಿ ಪ್ರಾಂತದ ನ್ಯಾಯಾಲಯಗಳಲ್ಲಿ ಹಿಂದೂ ಸಾಲಗಾರನಿಗೆ ರಕ್ಷೆಯಾಯಿತು. ಧಾರವಾಡದ ವಕೀಲನೊಬ್ಬನು ಹತ್ತೊಂಬತ್ತನೆಯ ಶತಮಾನದಲ್ಲಿ ಈ ವಾದವನ್ನು ಎತ್ತಿದಾಗ, ತನ್ನ ನಾಡಿನಲ್ಲಿಯೇ ಎಂಟು ನೂರು ವರ್ಷಗಳ ಹಿಂದೆ ವ್ಯಾಖ್ಯಾನಗೊಂಡ ಮಾತನ್ನು ಆಂಗ್ಲ ನ್ಯಾಯಾಧೀಶನ ಮುಂದೆ ಇಡುತ್ತಿದ್ದನೆಂಬುದು ಸಣ್ಣ ಸಂಗತಿಯಲ್ಲ.

ಆ ಪ್ರಾಚೀನ ಕಾಲದಲ್ಲಿ ವಕೀಲನೆಂಬ ವೃತ್ತಿಯವನು ಪ್ರತ್ಯೇಕವಾಗಿ ಇದ್ದಂತೆ ತೋರುವುದಿಲ್ಲ. ಕಕ್ಷಿಗಾರನ ಪರವಾಗಿ ಬೇರೊಬ್ಬನು ಮಾತನಾಡಲು ಸ್ಮೃತಿಗಳು ಅವಕಾಶ ಕೊಟ್ಟಿವೆ. ಆದರೆ ವರ್ತಕರ ಬಹುಪಾಲು ತಕರಾರುಗಳು ಅರಮನೆಯವರೆಗೆ ಹೋಗಬೇಕಾಗಿರಲಿಲ್ಲ. ಕುಲ, ಶ್ರೇಣಿ, ಪೂಗಗಳೆಂಬ ಸಭೆಗಳಿಗೆ ತೀರ್ಪು ಹೇಳುವ ಅಧಿಕಾರವನ್ನು ಯಾಜ್ಞವಲ್ಕ್ಯನೇ ಒಪ್ಪಿದ್ದಾನೆ. ಅಯ್ಯಾವೊಳೆಯ ಐನೂರ್ವರಂತಹ ವರ್ತಕ ಸಂಘಗಳು ದಕ್ಷಿಣಾಪಥವನ್ನೆಲ್ಲ ವ್ಯಾಪಿಸಿ, ತಮ್ಮದೇ ಆದ ಬಣಂಜುಧರ್ಮವನ್ನು ಶಾಸನಗಳಲ್ಲಿ ಘೋಷಿಸಿಕೊಂಡು ಬಾಳಿದ ಕಾಲವದು. ಮಾತಿಗೆ ತಪ್ಪಿದವನಿಗೆ ಸಂಘದಿಂದ ಹೊರಬೀಳುವ ಭಯಕ್ಕಿಂತ ದೊಡ್ಡ ಡಿಕ್ರಿ ಬೇಕಾಗಿರಲಿಲ್ಲ.

ಲೆಕ್ಕವನ್ನು ಇಡುವ ಪದ್ಧತಿಯ ವಿಷಯ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳತಕ್ಕದ್ದು. ಕನ್ನಡ ನಾಡಿನ ವರ್ತಕರೂ ಶಾನುಭೋಗರೂ ಬಹುಕಾಲ ಬಳಸಿದ ಸಾಧನ ಕಡತ. ಹತ್ತಿಯ ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲಿನ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಆ ಕರಿಯ ಹಾಳೆಯ ಮೇಲೆ ಬಳಪದಿಂದ ಬರೆಯುತ್ತಿದ್ದರು. 1803ರಿಂದ ಕೆಲವು ವರ್ಷ ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ತನ್ನ ಇತಿಹಾಸಗ್ರಂಥದಲ್ಲಿ ಇದನ್ನು ವರ್ಣಿಸಿದ್ದಾನೆ. ಶೃಂಗೇರಿ ಮಠದಲ್ಲಿ ಇಂತಹ ಕಡತಗಳು ಉಳಿದುಬಂದು ಚರಿತ್ರಕಾರರಿಗೆ ಆಕರವಾಗಿವೆ. ಕಡತದ ಬರಹವು ಜೋಪಾನ ಮಾಡಿದರೆ ತಲೆಮಾರುಗಳವರೆಗೆ ನಿಲ್ಲುತ್ತದೆ. ಬೇಕೆಂದರೆ ಒದ್ದೆಯ ಬಟ್ಟೆಯಿಂದ ಒರಸಿ ಮತ್ತೆ ಬರೆಯಲೂ ಬರುತ್ತದೆ. ಪರಸ್ಪರ ವಿಶ್ವಾಸವಿದ್ದ ಕಾಲಕ್ಕೆ ಇದು ಅನುಕೂಲವೇ ಆಗಿತ್ತು. ಆದರೆ ಅಪರಿಚಿತನಾದ ನ್ಯಾಯಾಧಿಪತಿಯ ಮುಂದೆ ಅದೇ ಪುಸ್ತಕ ಪ್ರಮಾಣವಾಗಿ ಬಂದಾಗ, ಇದನ್ನು ಎಂದು ಬರೆದರು, ಯಾರು ತಿದ್ದಿದರು ಎಂಬ ಪ್ರಶ್ನೆಗಳು ಏಳುವುದು ಅನಿವಾರ್ಯ. 1872ರ ಸಾಕ್ಷ್ಯ ಅಧಿನಿಯಮದ 34ನೆಯ ಪ್ರಕರಣವು ಈ ಪ್ರಶ್ನೆಗೆ ಕೊಟ್ಟ ಉತ್ತರ ವಿವೇಕಪೂರ್ಣವಾದುದು: ವ್ಯಾಪಾರದ ಕ್ರಮದಲ್ಲಿ ನಿಯತವಾಗಿ ಇಟ್ಟ ಲೆಕ್ಕದ ನಮೂದು ಪರಿಗಣನೆಗೆ ಅರ್ಹ, ಆದರೆ ಅದೊಂದರಿಂದಲೇ ಯಾರ ಮೇಲೂ ಹೊಣೆಯನ್ನು ಹೊರಿಸಲಾಗದು. ಈ ಎರಡು ವಾಕ್ಯಗಳ ನಡುವಣ ಅವಕಾಶದಲ್ಲಿ ವ್ಯಾಪಾರ ವ್ಯಾಜ್ಯದ ವಕೀಲನ ವೃತ್ತಿಯೆಲ್ಲ ಅಡಗಿದೆ ಎಂದರೆ ಉತ್ಪ್ರೇಕ್ಷೆಯಾಗದು.

ಕಂಪನಿ ಸರಕಾರವು ವಕೀಲರನ್ನು ಸನ್ನದಿನ ಕಟ್ಟಿಗೆ ಒಳಪಡಿಸಿದುದು ಬಂಗಾಳದಲ್ಲಿ 1793ರಲ್ಲಿ. 1846ರ ಕಾಯಿದೆಯು ಈ ವೃತ್ತಿಯನ್ನು ಜಾತಿ, ಮತ, ದೇಶಗಳ ಭೇದವಿಲ್ಲದೆ ಅರ್ಹರಿಗೆಲ್ಲ ತೆರೆದು, ಶುಲ್ಕವನ್ನು ಕಕ್ಷಿಗಾರನೊಡನೆ ಮಾತನಾಡಿಕೊಂಡು ನಿಶ್ಚಯಿಸುವ ಸ್ವಾತಂತ್ರ್ಯವನ್ನೂ ಕೊಟ್ಟಿತು. 1862ರಲ್ಲಿ ಕಲಕತ್ತೆ, ಮುಂಬಯಿ, ಮದರಾಸುಗಳಲ್ಲಿ ಉಚ್ಚ ನ್ಯಾಯಾಲಯಗಳು ನೆಲೆಗೊಂಡವು. ಇದೇ ಹೊತ್ತಿಗೆ ಶಾಸನಗಳೂ ಒಂದರ ಹಿಂದೊಂದು ಬಂದವು: 1859ರಲ್ಲಿ ದಿವಾಣಿ ಪ್ರಕ್ರಿಯೆಯ ಸಂಹಿತೆ ಮತ್ತು ಕಾಲಮಿತಿಯ ಕಾಯಿದೆ, 1872ರಲ್ಲಿ ಕರಾರುಗಳ ಕಾಯಿದೆ, 1881ರಲ್ಲಿ ಹುಂಡಿ, ಚೆಕ್ಕು, ಪ್ರಾಂಸರಿ ನೋಟುಗಳಿಗೆ ಸಂಬಂಧಿಸಿದ ಕಾಯಿದೆ.

ಆದರೆ ಕಾಯಿದೆಗಳು ತಾವಾಗಿಯೇ ವ್ಯಾಜ್ಯಗಳನ್ನು ಹುಟ್ಟಿಸುವುದಿಲ್ಲ. ಉತ್ತರ ಕರ್ನಾಟಕದಲ್ಲಿ ಅವನ್ನು ಹುಟ್ಟಿಸಿದುದು ಹತ್ತಿ. 1840ರ ದಶಕದಿಂದ ಧಾರವಾಡ ಜಿಲ್ಲೆಯ ಎರೆಭೂಮಿಯಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ತಳಿಯ ಬೀಜ ಬೇರೂರಿ, ಧಾರವಾಡ-ಅಮೆರಿಕನ್ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬರತೊಡಗಿತ್ತು. ಘಟ್ಟವಿಳಿದು ಬಂದ ಹತ್ತಿಯು ಕುಮಟೆಯ ಬಂದರಿನಿಂದ ಹಡಗು ಹತ್ತುತ್ತಿದ್ದುದರಿಂದ ಆ ಊರಿನ ಹೆಸರೇ ಒಂದು ಬಗೆಯ ಅರಳೆಗೆ ಅಂಟಿಕೊಂಡಿತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಗಿ ಲ್ಯಾಂಕಾಶೈರಿನ ಗಿರಣಿಗಳಿಗೆ ಅಲ್ಲಿಯ ಸರಬರಾಯಿ ನಿಂತುಹೋದಾಗ, ಗದಗ ಹುಬ್ಬಳ್ಳಿಗಳ ಅಡತಿ ಅಂಗಡಿಗಳಲ್ಲಿ ಹಿಂದೆ ಕಂಡರಿಯದ ಧಾರಣೆಗಳು ನಡೆದವು. ರೈತನಿಗೆ ಮುಂಗಡ ಕೊಟ್ಟ ದಲಾಲ, ದಲಾಲನಿಂದ ಕೊಂಡ ಸಾಹುಕಾರ, ಸಾಹುಕಾರನೊಡನೆ ಕರಾರು ಮಾಡಿಕೊಂಡ ಮುಂಬಯಿಯ ಕೋಠಿ ಎಂಬ ಈ ಸಾಲಿನಲ್ಲಿ ಪ್ರತಿಯೊಬ್ಬನೂ ಇನ್ನೊಬ್ಬನ ಮಾತನ್ನು ನಂಬಿ ತನ್ನ ಮಾತನ್ನು ಕೊಟ್ಟಿದ್ದನು. ಹತ್ತಿಗೆ ಕಸ, ಬೀಜ, ಕೀಳು ಅರಳೆಗಳನ್ನು ಬೆರಸುವ ಕುಟಿಲವೂ ಹೆಚ್ಚಿ, ಅದನ್ನು ತಡೆಯಲು ಮುಂಬಯಿ ಸರಕಾರವು 1863ರಲ್ಲಿ ಹತ್ತಿಯ ವಂಚನೆಗಳ ವಿರುದ್ಧ ಒಂದು ಕಾಯಿದೆಯನ್ನೇ ಮಾಡಬೇಕಾಯಿತು. 1865ರಲ್ಲಿ ಯುದ್ಧ ಮುಗಿದು ಧಾರಣೆ ಕುಸಿಯಿತು. ಆ ವರ್ಷದ ಜುಲೈ ತಿಂಗಳಲ್ಲಿ ಮುಂಬಯಿಯ ಷೇರು ವ್ಯವಹಾರವೆಲ್ಲ ಮುರಿದುಬಿದ್ದು ಪ್ರತಿಷ್ಠಿತ ಮನೆತನಗಳು ದಿವಾಳಿಯೆದ್ದವು. ಅಂದಿನವರೆಗೆ ಮಾತಿನಲ್ಲಿ ನಿಂತಿದ್ದ ವ್ಯವಹಾರಗಳೆಲ್ಲವೂ ಪುರಾವೆಯನ್ನು ಬೇಡತೊಡಗಿದವು.

ಆಗ ಎದ್ದ ಒಂದು ಪ್ರಶ್ನೆ ಮುಂದಿನ ಎರಡು ಮೂರು ಪೀಳಿಗೆಯ ವಕೀಲರಿಗೆ ಕೆಲಸವನ್ನೊದಗಿಸಿತು. ವಾಯಿದೆಯ ವ್ಯಾಪಾರದಲ್ಲಿ, ಎಂದರೆ ಮುಂದಿನ ಒಂದು ತಾರೀಖಿಗೆ ಸರಕನ್ನು ಕೊಡುತ್ತೇನೆಂದು ಇಂದೇ ಬೆಲೆಯನ್ನು ಕಟ್ಟುವ ಕರಾರಿನಲ್ಲಿ, ಸರಕನ್ನು ಕೊಡುವ ತೆಗೆದುಕೊಳ್ಳುವ ಉದ್ದೇಶ ನಿಜವಾಗಿ ಇತ್ತೋ ಅಥವಾ ಧಾರಣೆಯ ಏರಿಳಿತದ ಅಂತರವನ್ನು ಮಾತ್ರ ಹಣದಲ್ಲಿ ತೀರಿಸಿಕೊಳ್ಳುವ ಜೂಜು ಅದಾಗಿತ್ತೋ? ಜೂಜಿನ ಕರಾರು ಅನೂರ್ಜಿತವೆಂಬುದು ಕಾಯಿದೆ. ಮುಂಬಯಿಯಲ್ಲಿ 1865ರ ಶಾಸನವು ಅಂತಹ ಕರಾರಿಗೆ ಒತ್ತಾಸೆಯಾದ ಉಪಕರಾರುಗಳನ್ನೂ ಅಸಿಂಧುಗೊಳಿಸಿತು. ಆದರೆ ಉದ್ದೇಶವೆಂಬುದು ಕಣ್ಣಿಗೆ ಕಾಣುವ ವಸ್ತುವಲ್ಲ. ಅದನ್ನು ಹುಡುಕಬೇಕಾದುದು ರೋಜುಕಿರ್ದಿಯಲ್ಲಿ, ಖಾತೆವಹಿಯಲ್ಲಿ, ಹಿಂದಿನ ವರ್ಷಗಳಲ್ಲಿ ಅದೇ ಇಬ್ಬರ ನಡುವೆ ಎಂದಾದರೂ ಗಾಡಿ ತುಂಬ ಅರಳೆ ಸಾಗಿತ್ತೇ ಎಂಬ ವಿಚಾರದಲ್ಲಿ. ಪಕ್ಕಾ ಅಡತಿಯ ಪ್ರಶ್ನೆಯೂ ಇಂತಹುದೇ: ಒಳನಾಡಿನ ವರ್ತಕನ ಪರವಾಗಿ ಮುಂಬಯಿಯಲ್ಲಿ ಕೊಳ್ಳುವ ಮಾರುವ ಅಡತಿಯವನು ಬರಿಯ ಮಧ್ಯವರ್ತಿಯೇ, ಅಥವಾ ತಾನೇ ಹೊಣೆಗಾರನಾದ ಎದುರು ಕಕ್ಷಿಯೇ? ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಮುಂಬಯಿಯ ಉಚ್ಚ ನ್ಯಾಯಾಲಯವು ಪೇಟೆಯ ರೂಢಿಯನ್ನೇ ಸಾಕ್ಷ್ಯವಾಗಿ ಸ್ವೀಕರಿಸಿ, ಪಕ್ಕಾ ಅಡತಿಯವನು ತನ್ನ ಗಿರಾಕಿಗೆ ತಾನೇ ಹೊಣೆಯೆಂದು ಎತ್ತಿಹಿಡಿಯಿತು. ವರ್ತಕರ ಆಚಾರವು ನ್ಯಾಯಾಧೀಶನ ಲೇಖನಿಯಲ್ಲಿ ವಿಧಿಯಾದ ಬಗೆ ಇದು. ಅದನ್ನು ಅಲ್ಲಿಯವರೆಗೆ ಹೊತ್ತುಕೊಂಡು ಹೋದವನು ವಕೀಲ.

ಈ ವಕೀಲನು ತಯಾರಾಗುತ್ತಿದ್ದ ಕ್ರಮವನ್ನು ಇನ್ನು ನೋಡಬೇಕು. 1939ರಲ್ಲಿ ಬೆಳಗಾವಿಯಲ್ಲಿ, 1948ರಲ್ಲಿ ಬೆಂಗಳೂರಿನಲ್ಲಿ ಕಾನೂನಿನ ಕಾಲೇಜುಗಳು ಆರಂಭವಾಗುವವರೆಗೆ ಮೈಸೂರು, ಮಂಗಳೂರುಗಳ ತರುಣನು ಮದರಾಸಿಗೂ ಧಾರವಾಡ, ಬಿಜಾಪುರಗಳ ತರುಣನು ಪುಣೆ ಮುಂಬಯಿಗಳಿಗೂ ಹೋಗಬೇಕಾಗಿದ್ದಿತು. ಪದವಿಯನ್ನು ಪಡೆದು ಊರಿಗೆ ಮರಳಿದವನು ಹಿರಿಯರೊಬ್ಬರ ಆಫೀಸನ್ನು ಸೇರುತ್ತಿದ್ದನು. ಆಫೀಸೆಂದರೆ ಬಹುಮಟ್ಟಿಗೆ ಮನೆಯ ಮುಂದಿನ ಪಡಸಾಲೆ. ಬೆಳಗಿನ ಏಳು ಗಂಟೆಗೇ ಕಕ್ಷಿಗಾರರು ಕೆಂಪು ಬಟ್ಟೆಯಲ್ಲಿ ಕಟ್ಟಿದ ವಹಿಗಳೊಡನೆ ಬಂದು ಕೂಡುತ್ತಿದ್ದರು. ಮೊದಲ ಕೆಲವು ವರ್ಷ ಕಿರಿಯನಿಗೆ ವರಮಾನವೆಂಬುದು ಇಲ್ಲವೆನ್ನುವಷ್ಟು ಅಲ್ಪ. ಪುಸ್ತಕಗಳಿಂದ ಪೂರ್ವನಿರ್ಣಯಗಳನ್ನು ಹುಡುಕಿ ಕೊಡುವುದು, ವಾಯಿದೆಗೆ ಅರ್ಜಿ ಬರೆಯುವುದು, ದಾವಾಪತ್ರದ ಕರಡನ್ನು ನಕಲು ಮಾಡುವುದು, ಎದುರು ಪಕ್ಷದ ಕೈಫಿಯತ್ತನ್ನು ಓದಿ ಟಿಪ್ಪಣಿ ಮಾಡುವುದು ಅವನ ಪಾಲಿನ ಕೆಲಸ. ಅವನ ನಿಜವಾದ ಗುರು ಅನೇಕ ವೇಳೆ ಹಿರಿಯ ವಕೀಲನಿಗಿಂತ ಆತನ ಗುಮಾಸ್ತನಾಗಿದ್ದನು: ಧಾರವಾಡದ ಕಡೆಯ ಲೆಕ್ಕಗಳ ಮೋಡಿ ಲಿಪಿಯನ್ನು, ಮಾರವಾಡಿ ಗುಜರಾತಿ ಅಂಗಡಿಗಳ ಮಾತ್ರೆಯಿಲ್ಲದ ಬರಹವನ್ನು ಓದಬಲ್ಲವನು, ಯಾವ ಬಾಕಿ ಎಂದು ತಮಾದಿಯಾಗುವುದೆಂದು ನೆನಪಿನಲ್ಲಿಟ್ಟವನು, ಅವನೇ. ಮೂರು ವರ್ಷದ ಕಾಲಮಿತಿ ಒಂದು ದಿನ ಮೀರಿದರೆ ನ್ಯಾಯವಾದ ಹಣವೂ ಮುಳುಗುತ್ತದೆ. ಸಾಲಗಾರನ ಕೈಬರಹದ ಸಂದಾಯದ ಒಂದು ಸಾಲು ಸಕಾಲದಲ್ಲಿ ದೊರೆತಿದ್ದರೆ ಅದೇ ಹಣಕ್ಕೆ ಮತ್ತೆ ಮೂರು ವರ್ಷದ ಆಯುಸ್ಸು ಬರುತ್ತದೆ. ಈ ಎಚ್ಚರವನ್ನು ಯಾವ ಕಾಲೇಜೂ ಕಲಿಸುವುದಿಲ್ಲ.

ಕಿರಿಯನು ಮೇಲೇರುತ್ತಿದ್ದ ಮೆಟ್ಟಿಲುಗಳಲ್ಲಿ ನನಗೆ ಅತ್ಯಂತ ಅರ್ಥವತ್ತಾಗಿ ಕಾಣುವುದು ಲೆಕ್ಕದ ಕಮಿಷನರ್ ಎಂಬ ತಾತ್ಕಾಲಿಕ ಸ್ಥಾನ. ಪಾಲುದಾರರು ಬೇರೆಯಾಗಬೇಕೆಂದು ಹೂಡಿದ ದಾವೆಯಲ್ಲಿ ನ್ಯಾಯಾಲಯವು ಮೊದಲು ಪ್ರಾರಂಭಿಕ ಡಿಕ್ರಿಯನ್ನು ಕೊಟ್ಟು, ಅಂಗಡಿಯ ಆದಿಯಿಂದ ಅಂತ್ಯದವರೆಗಿನ ಲೆಕ್ಕವನ್ನು ಪರಿಶೀಲಿಸಲು ಒಬ್ಬನನ್ನು ನೇಮಿಸುತ್ತದೆ. ಅವನ ವರದಿಯ ಮೇಲೆ ಅಂತಿಮ ಡಿಕ್ರಿ ನಿಲ್ಲುತ್ತದೆ. ಈ ಕೆಲಸ ಸಾಮಾನ್ಯವಾಗಿ ತರುಣ ವಕೀಲನ ಪಾಲಿಗೆ ಬರುತ್ತಿದ್ದಿತು. ನಿನ್ನೆಯವರೆಗೆ ಒಂದೇ ಗದ್ದಿಗೆಯಲ್ಲಿ ಕುಳಿತಿದ್ದ ಅಣ್ಣತಮ್ಮಂದಿರಂತಹ ಇಬ್ಬರನ್ನು ಎದುರಿಗೆ ಕೂಡಿಸಿಕೊಂಡು, ಒಂದೊಂದು ನಮೂದಿಗೂ ಚೀಟಿಯನ್ನು ಕೇಳಿ, ಯಾತ್ರೆಗೆ ತೆಗೆದ ಹಣ ಅಂಗಡಿಯ ಖರ್ಚೋ ಮನೆಯ ಖರ್ಚೋ ಎಂದು ನಿರ್ಣಯಿಸಿ, ತಿಂಗಳುಗಟ್ಟಲೆ ದುಡಿದವನಿಗೆ ಮನುಷ್ಯಸ್ವಭಾವದ ಪರಿಚಯವೂ ವ್ಯಾಪಾರದ ಪರಿಚಯವೂ ಒಟ್ಟಿಗೇ ಆಗುತ್ತಿದ್ದವು. ವಕೀಲನು ಪಕ್ಷವನ್ನು ಹಿಡಿಯುವ ಮುನ್ನ ಎರಡು ಪಕ್ಷಗಳ ನಡುವೆ ಕುಳಿತು ಅಭ್ಯಾಸ ಮಾಡುವ ಅವಕಾಶ ಈ ವೃತ್ತಿಯಲ್ಲಿ ಇದಕ್ಕಿಂತ ಉತ್ತಮವಾಗಿ ಬೇರೆಲ್ಲಿಯೂ ಇಲ್ಲ. ಆಮೇಲೆ ಸಣ್ಣ ಮೊಬಲಗಿನ ದಾವೆಗಳು, ಮುನ್ಸೀಫ್ ಕೋರ್ಟು, ಸಬಾರ್ಡಿನೇಟ್ ಜಡ್ಜಿಯ ಕೋರ್ಟು, ಜಿಲ್ಲಾ ನ್ಯಾಯಾಲಯದ ಅಪೀಲು ಎಂದು ದಾರಿ ಸಾಗುವುದು. ಡಿಕ್ರಿಯಾದ ಮೇಲೂ ವಸೂಲಾಗುವವರೆಗೆ ಅಮಲ್ಜಾರಿಯ ಅರ್ಜಿ, ಜಪ್ತಿ, ಹರಾಜು, ತಕರಾರು ಅರ್ಜಿ ಎಂದು ವರ್ಷಗಳು ಕಳೆಯುತ್ತಿದ್ದವು. ನಮ್ಮ ದೇಶದ ಕಕ್ಷಿಗಾರನ ಕಷ್ಟ ಡಿಕ್ರಿ ದೊರೆತ ಮೇಲೆ ಆರಂಭವಾಗುವುದೆಂದು ಲಂಡನ್ನಿನ ಪ್ರಿವಿ ಕೌನ್ಸಿಲೇ 1872ರಲ್ಲಿ ಗುರುತಿಸಿತ್ತು. 1923ರ ಕಾಯಿದೆಯವರೆಗೆ ಈ ವೃತ್ತಿಯ ದಾರಿ ಸ್ತ್ರೀಯರಿಗೆ ನಿರ್ಬಾಧವಾಗಿ ತೆರೆದಿರಲಿಲ್ಲವೆಂಬುದನ್ನೂ ಇಲ್ಲಿ ಮರೆಯಲಾಗದು.

ಮೈಸೂರು ಸಂಸ್ಥಾನದ ವಿಷಯ ಸ್ವಲ್ಪ ಬೇರೆ. ಬ್ರಿಟಿಷ್ ಕಮಿಷನರ್ ಕಬ್ಬನನು ಸಂಸ್ಥಾನವನ್ನು ಆಳುತ್ತಿದ್ದ ಕಾಲದ ಹುಜೂರ್ ಅದಾಲತ್ತು 1834ರಿಂದ ನಡೆದು, 1856ರಲ್ಲಿ ಜ್ಯುಡಿಷಿಯಲ್ ಕಮಿಷನರನಿಗೆ ಎಡೆಮಾಡಿಕೊಟ್ಟಿತು. ಸಂಸ್ಥಾನವು ಒಡೆಯರ ಕೈಗೆ ಮರಳಿದ ಮೇಲೆ, 1884ರಲ್ಲಿ, ಮೂವರು ನ್ಯಾಯಾಧೀಶರ ಚೀಫ್ ಕೋರ್ಟು ಸ್ಥಾಪಿತವಾಗಿ 1930ರಲ್ಲಿ ಹೈಕೋರ್ಟೆಂಬ ಹೆಸರನ್ನು ಪಡೆಯಿತು. ಬೆಂಗಳೂರಿನ ವರ್ತಕರ ವಕೀಲನಿಗೆ ಮಾತ್ರ ಒಂದು ವಿಶೇಷವಾದ ತೊಡಕಿತ್ತು. 1881ರಿಂದ 1947ರವರೆಗೆ ಪೇಟೆಯು ಮಹಾರಾಜರ ಆಡಳಿತದಲ್ಲಿಯೂ ದಂಡು ಪ್ರದೇಶವು ಬ್ರಿಟಿಷ್ ರೆಸಿಡೆಂಟನ ಆಡಳಿತದಲ್ಲಿಯೂ ಇದ್ದವು. ಚಿಕ್ಕಪೇಟೆಯ ಜವಳಿ ಅಂಗಡಿಯವನು ನಡೆದು ಹೋಗುವಷ್ಟು ದೂರದ ದಂಡಿನ ಅಂಗಡಿಗೆ ಸಾಲದ ಮೇಲೆ ಸರಕು ಕೊಟ್ಟರೆ, ದಾವೆಯನ್ನು ಎಲ್ಲಿ ಹೂಡಬೇಕು, ಇಲ್ಲಿಯ ಡಿಕ್ರಿಯನ್ನು ಅಲ್ಲಿ ಹೇಗೆ ನಡೆಯಿಸಬೇಕು ಎಂಬುದೇ ಮೊದಲನೆಯ ಪ್ರಶ್ನೆ. ಬ್ರಿಟಿಷ್ ಇಂಡಿಯದ ಸಂಹಿತೆಯ ದೃಷ್ಟಿಯಲ್ಲಿ ಮೈಸೂರಿನ ನ್ಯಾಯಾಲಯವು ಪರರಾಜ್ಯದ ನ್ಯಾಯಾಲಯ. ಹುಬ್ಬಳ್ಳಿಯವನಿಗೂ ದಾವಣಗೆರೆಯವನಿಗೂ ನಡುವೆ ಒಂದೇ ಭಾಷೆ, ಒಂದೇ ಪೇಟೆಯ ರೂಢಿ, ಎರಡು ನ್ಯಾಯವ್ಯವಸ್ಥೆಗಳು. ಕರ್ನಾಟಕದ ಏಕೀಕರಣಕ್ಕಾಗಿ ಬಾಳನ್ನು ಮುಡಿಪಿಟ್ಟ ಆಲೂರು ವೆಂಕಟರಾಯರೂ ನಾಡಿನ ಉದಯಗೀತವನ್ನು ಬರೆದ ಗದಗಿನ ಹುಯಿಲಗೋಳ ನಾರಾಯಣರಾಯರೂ ವಕೀಲರಾಗಿದ್ದುದು ಆಕಸ್ಮಿಕವಲ್ಲವೆಂದು ನನಗೆ ತೋರುತ್ತದೆ: ನಾಡು ಹರಿದು ಹಂಚಿಹೋದುದರ ದಿನದಿನದ ಫಲವನ್ನು ವಕೀಲರಷ್ಟು ಸಮೀಪದಿಂದ ಕಂಡವರು ಕಡಮೆ.

ವ್ಯಾಪಾರ ವ್ಯಾಜ್ಯವು ಒಬ್ಬ ವಕೀಲನನ್ನು ಹೇಗೆ ರೂಪಿಸಬಲ್ಲದೆಂಬುದಕ್ಕೆ ಲೋಕಕ್ಕೆಲ್ಲ ತಿಳಿದ ದೃಷ್ಟಾಂತ ಗಾಂಧೀಜಿಯವರದು. ಮುಂಬಯಿಯ ಲಘುವ್ಯಾಜ್ಯ ನ್ಯಾಯಾಲಯದಲ್ಲಿ ಬಾಯಿ ಕಟ್ಟಿ, ಪಡೆದ ಮೂವತ್ತು ರೂಪಾಯಿಗಳ ಶುಲ್ಕವನ್ನು ಹಿಂದಿರುಗಿಸಿದ ಆ ತರುಣ ಬ್ಯಾರಿಸ್ಟರರು 1893ರಲ್ಲಿ ದಕ್ಷಿಣ ಆಫ್ರಿಕಕ್ಕೆ ಹೋದುದು ದಾದಾ ಅಬ್ದುಲ್ಲಾ ಅವರ ಕೋಠಿಯ ಒಂದು ದಾವೆಗಾಗಿ. ಪೀಟರ್‌ಮಾರಿಟ್ಸ್‌ಬರ್ಗಿನಲ್ಲಿ ಅವರನ್ನು ರೈಲಿನಿಂದ ಹೊರದಬ್ಬಿದುದು ಈ ದಾವೆಯ ಪ್ರಯಾಣದಲ್ಲಿಯೇ. ನಲವತ್ತು ಸಾವಿರ ಪೌಂಡುಗಳ ಆ ದಾವೆಯು ಲೆಕ್ಕಗಳ ಕಗ್ಗಂಟಾಗಿತ್ತು. ‘ಪಿ. ನೋಟ್’ ಎಂದರೆ ಪ್ರಾಂಸರಿ ನೋಟೆಂಬುದು ಕೂಡ ತಿಳಿಯದಿದ್ದ ಅವರು ಕೋಠಿಯ ಗುಮಾಸ್ತನಿಂದ ಅದನ್ನು ಕೇಳಿ ತಿಳಿದರು. ಲೆಕ್ಕ ಬರೆಯುವ ವಿದ್ಯೆಯ ಪುಸ್ತಕವೊಂದನ್ನು ಕೊಂಡು ಅಭ್ಯಾಸ ಮಾಡಿದರು. ಗುಜರಾತಿಯಲ್ಲಿದ್ದ ಪತ್ರವ್ಯವಹಾರವನ್ನು ಭಾಷಾಂತರಿಸಿದರು. ಸಂಗತಿಗಳನ್ನು ಅರಿತರೆ ಕಾನೂನಿನ ಮುಕ್ಕಾಲು ಪಾಲನ್ನು ಅರಿತಂತೆ ಎಂಬುದು ಅಲ್ಲಿ ಅವರಿಗೆ ಮನದಟ್ಟಾಯಿತು. ಕಕ್ಷಿಗಾರರಿಬ್ಬರೂ ಒಂದೇ ಊರಿನ ಬಂಧುಗಳು. ದಾವೆ ಮುಂದುವರಿದರೆ ಇಬ್ಬರೂ ಹಾಳಾಗುವರೆಂದು ಕಂಡು, ಮಧ್ಯಸ್ಥಿಕೆಗೆ ಒಪ್ಪಿಸಿದರು. ಮೂವತ್ತೇಳು ಸಾವಿರ ಪೌಂಡು ಮತ್ತು ಖರ್ಚು ಕೊಡಬೇಕೆಂದು ತೀರ್ಪಾದಾಗ, ಸೋತವರು ಒಮ್ಮೆಗೆ ಕೊಟ್ಟರೆ ದಿವಾಳಿಯಾಗುವರೆಂದು ಗೆದ್ದವರನ್ನು ಒಲಿಸಿ ದೀರ್ಘಾವಧಿಯ ಕಂತುಗಳನ್ನು ಕೊಡಿಸಿದರು. ಈ ವೃತ್ತಾಂತವುಳ್ಳ ಆತ್ಮಕಥೆಯನ್ನು ಕನ್ನಡದಲ್ಲಿ ಪ್ರಕಟಿಸಿದ ಸತ್ಯಶೋಧನ ಪ್ರಕಟನ ಮಂದಿರವನ್ನು ಕಟ್ಟಿದವರೂ ವಕೀಲರೇ, ಮುಂದೆ ಮೈಸೂರು ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಾಧೀಶರಾದ ನಿಟ್ಟೂರು ಶ್ರೀನಿವಾಸರಾಯರು.

ವ್ಯಾಜ್ಯದ ಕಾರಣವನ್ನೇ ಕಡಮೆ ಮಾಡಲು ಹೊರಟ ವಕೀಲರೂ ಉಂಟು. ಮಂಗಳೂರಿನ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈ 1906ರ ಜುಲೈಯಲ್ಲಿ ಕೆನರಾ ಹಿಂದೂ ಪರ್ಮನೆಂಟ್ ಫಂಡನ್ನು ಸ್ಥಾಪಿಸಿದರು. ಅದೇ ಇಂದಿನ ಕೆನರಾ ಬ್ಯಾಂಕು. ಆ ವರ್ಷದ ಅಕ್ಟೋಬರಿನಲ್ಲಿ ಮದರಾಸಿನ ಅರ್ಬತ್ನಾಟ್ ಕೋಠಿ ಮುರಿದುಬಿದ್ದು ಅಸಂಖ್ಯ ಠೇವಣಿದಾರರು ಬೀದಿಪಾಲಾದಾಗ, ಅವರ ಪರವಾಗಿ ನಿಂತ ವಕೀಲ ವಿ. ಕೃಷ್ಣಸ್ವಾಮಿ ಅಯ್ಯರ್ 1907ರಲ್ಲಿ ಇಂಡಿಯನ್ ಬ್ಯಾಂಕನ್ನು ಕಟ್ಟಲು ಮುಂದಾದರು. ಮುರಿದ ಕೋಠಿಯ ಪುಸ್ತಕಗಳನ್ನು ಓದಿದವನಿಗೆ, ಮುರಿಯದ ಕೋಠಿಯನ್ನು ಹೇಗೆ ನಡೆಯಿಸಬೇಕೆಂಬುದೂ ತಿಳಿದಿರುತ್ತದೆ.

1956ರ ನವೆಂಬರಿನಲ್ಲಿ ನಾಡು ಒಂದಾದಾಗ ಧಾರವಾಡದ ಅಪೀಲುಗಳು ಮುಂಬಯಿಗೂ ಮಂಗಳೂರಿನವು ಮದರಾಸಿಗೂ ಹೋಗುವುದು ನಿಂತು, ಎಲ್ಲವೂ ಬೆಂಗಳೂರಿನ ಅಠಾರಾ ಕಚೇರಿಯ ಉಚ್ಚ ನ್ಯಾಯಾಲಯಕ್ಕೆ ಬಂದವು. ಧಾರವಾಡ ಕಲಬುರ್ಗಿಗಳಿಗೆ ಪೀಠಗಳು ದೊರೆಯಲು 2008ರವರೆಗೆ ಕಾಯಬೇಕಾಯಿತು. 1961ರ ವಕೀಲರ ಅಧಿನಿಯಮವು ಪ್ಲೀಡರ್, ವಕೀಲ, ಅಡ್ವೊಕೇಟ್ ಎಂಬ ತರತಮಗಳನ್ನು ತೊಡೆದು ಒಂದೇ ವರ್ಗವನ್ನು ಮಾಡಿತು. ವ್ಯಾಪಾರದ ರೀತಿ ಬದಲಾದಂತೆ ಪ್ರಶ್ನೆಗಳೂ ಬದಲಾದವು: 1959ರಲ್ಲಿ ಖಾಮಗಾಂವಿನವರಿಗೂ ಅಹಮದಾಬಾದಿನವರಿಗೂ ನಡುವೆ ಹತ್ತಿಕಾಳಿನ ಹಿಂಡಿಗಾಗಿ ಟೆಲಿಫೋನಿನಲ್ಲಿ ಆದ ಕರಾರು ಯಾವ ಊರಿನಲ್ಲಿ ಹುಟ್ಟಿತೆಂಬ ವಿವಾದವು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, ಒಪ್ಪಿಗೆಯ ಮಾತು ಕೇಳಿಸಿದ ಊರಿನಲ್ಲಿ ಎಂದು 1965ರಲ್ಲಿ ಬಹುಮತದ ತೀರ್ಪಾಯಿತು, ನ್ಯಾಯಾಧೀಶ ಹಿದಾಯತುಲ್ಲಾ ಅವರು ಭಿನ್ನಮತವನ್ನು ಬರೆದರು.

2015ರ ವಾಣಿಜ್ಯ ನ್ಯಾಯಾಲಯಗಳ ಅಧಿನಿಯಮವು ಈ ವೃತ್ತಿಗೆ ಪ್ರತ್ಯೇಕವಾದ ಅಂಗಳವನ್ನೇ ಕೊಟ್ಟಿದೆ. ಮೊದಲು ಒಂದು ಕೋಟಿ ರೂಪಾಯಿಗಳಿದ್ದ ಮೌಲ್ಯದ ಮಿತಿ 2018ರಲ್ಲಿ ಮೂರು ಲಕ್ಷಕ್ಕೆ ಇಳಿದುದರಿಂದ ಸಾಧಾರಣ ವರ್ತಕನ ವ್ಯಾಜ್ಯವೂ ಅಲ್ಲಿಗೆ ಬರುತ್ತಿದೆ. ಪ್ರತಿವಾದಿಯು 120 ದಿನಗಳೊಳಗೆ ಉತ್ತರವನ್ನು ಸಲ್ಲಿಸದಿದ್ದರೆ ಸಲ್ಲಿಸುವ ಹಕ್ಕನ್ನೇ ಕಳೆದುಕೊಳ್ಳುವನು. ತುರ್ತು ಪರಿಹಾರವನ್ನು ಕೋರದ ದಾವೆಗೆ ಮೊದಲು ಮಧ್ಯಸ್ಥಿಕೆಯ ಪ್ರಯತ್ನ ಕಡ್ಡಾಯ. ಇದು ಒಳ್ಳೆಯ ವಿಧಿಯೆಂದೇ ನನ್ನ ಮತ. ಆದರೆ ಎರಡು ಕಡೆಯ ಲೆಕ್ಕವನ್ನೂ ಓದಬಲ್ಲ ವಕೀಲರಿಲ್ಲದೆ ಅದು ಬರಿಯ ಔಪಚಾರಿಕ ಹಂತವಾಗಿ ಉಳಿಯುವ ಅಪಾಯವೂ ಉಂಟು. 2024ರ ಜುಲೈಯಿಂದ ಜಾರಿಯಲ್ಲಿರುವ ಹೊಸ ಸಾಕ್ಷ್ಯ ಅಧಿನಿಯಮವು ಲೆಕ್ಕದ ಪುಸ್ತಕಗಳ ಹಳೆಯ ನಿಯಮವನ್ನು ಉಳಿಸಿಕೊಂಡಿದೆ. ಕಂಪ್ಯೂಟರಿನಲ್ಲಿಟ್ಟ ಖಾತೆಗೆ, ಬ್ಯಾಂಕಿನ ವಿವರಪಟ್ಟಿಗೆ, ಮಿಂಚಂಚೆಯ ಓಲೆಗೆ ಪ್ರಮಾಣಪತ್ರವನ್ನೂ ಕೇಳುತ್ತದೆ. ಯಾವ ಯಂತ್ರದಲ್ಲಿ, ಯಾರ ವಶದಲ್ಲಿ, ಯಾವ ಕ್ರಮದಲ್ಲಿ ಆ ಲೆಕ್ಕ ಸಿದ್ಧವಾಯಿತೆಂದು ಕಕ್ಷಿಗಾರನನ್ನೂ ಅವನ ಗುಮಾಸ್ತನನ್ನೂ ವಿಚಾರಿಸಿ, ದಾವೆ ಹೂಡುವ ಮೊದಲೇ ಆ ಪತ್ರವನ್ನು ಸರಿಯಾಗಿ ಬರೆಯಿಸುವ ಕೆಲಸ ಇಂದು ಆಫೀಸನ್ನು ಹೊಸದಾಗಿ ಸೇರಿದ ಕಿರಿಯ ವಕೀಲರ ಪಾಲಿಗೆ ಬಂದಿದೆ.